ಪಾಲಿಸಿಸ್ಟಿಕ್ ಅಂಡಾಶಯ ಮತ್ತು ಪಾಲಿಸಿಸ್ಟಿಕ್ ಅಂಡಾಶಯ ಸಿಂಡ್ರೋಮ್

ಪಾಲಿಸಿಸ್ಟಿಕ್ ಅಂಡಾಶಯ (ಪಿಸಿಒ) ಎಂಬುದು ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ ಕಾಣುವ ಒಂದು ಚಿತ್ರಣ. ಅಂಡಾಶಯದಲ್ಲಿ ಸಣ್ಣ ಫಾಲಿಕಲ್‌ಗಳು ನಿಗದಿತ ಸಂಖ್ಯೆಗಿಂತ ಹೆಚ್ಚಾಗಿದ್ದರೆ ಅಥವಾ ಅಂಡಾಶಯದ ಗಾತ್ರ ದೊಡ್ಡದಾಗಿದ್ದರೆ ಈ ಹೆಸರನ್ನು ಬಳಸುತ್ತಾರೆ. ಪಾಲಿಸಿಸ್ಟಿಕ್ ಅಂಡಾಶಯ ಸಿಂಡ್ರೋಮ್ (ಪಿಸಿಒಎಸ್) ಎಂಬುದು ಹಾರ್ಮೋನು ಮತ್ತು ಚಯಾಪಚಯ ಕ್ರಿಯೆಗಳ ಏರುಪೇರಿನಿಂದ ಉಂಟಾಗುವ ಲಕ್ಷಣಕೂಟ. ಮುಟ್ಟಿನ ಅನಿಯಮಿತತೆ, ಆಂಡ್ರೊಜನ್ ಹಾರ್ಮೋನಿನ ಆಧಿಕ್ಯ ಮತ್ತು ಅಂಡಾಶಯದ ಮೇಲೆ ಹೇಳಿದ ಚಿತ್ರಣ ಇದರ ಮೂರು ಮುಖ್ಯ ಅಂಗಗಳು.

ಹೆಸರಿನಲ್ಲಿ ಹತ್ತಿರವಾಗಿದ್ದರೂ ಇವೆರಡೂ ಒಂದೇ ಅಲ್ಲ. ಪಾಲಿಸಿಸ್ಟಿಕ್ ಅಂಡಾಶಯವಿರುವ ಅನೇಕ ಮಹಿಳೆಯರಿಗೆ ಸಿಂಡ್ರೋಮ್ ಇರುವುದಿಲ್ಲ. ಸಿಂಡ್ರೋಮ್ ಇರುವ ಕೆಲವರ ಅಂಡಾಶಯ ಸ್ಕ್ಯಾನಿಂಗ್‌ನಲ್ಲಿ ಸಹಜವಾಗಿಯೇ ಕಾಣುತ್ತದೆ. ಆದ್ದರಿಂದ ಸ್ಕ್ಯಾನಿಂಗ್ ವರದಿಯೊಂದರಿಂದಲೇ ಸಿಂಡ್ರೋಮ್ ಇದೆಯೆಂದಾಗಲಿ ಇಲ್ಲವೆಂದಾಗಲಿ ನಿರ್ಧರಿಸಲಾಗದು.

ಹೆಸರು ಮತ್ತು ಪರಿಭಾಷೆ

‘ಪಾಲಿ’ ಎಂದರೆ ಬಹು, ‘ಸಿಸ್ಟ್’ ಎಂದರೆ ದ್ರವ ತುಂಬಿದ ಚೀಲ. ಕನ್ನಡದ ಆಡುಮಾತಿನಲ್ಲಿ ಇದನ್ನು ‘ಅಂಡಾಶಯದಲ್ಲಿ ನೀರುಗುಳ್ಳೆ’ ಎನ್ನುವುದುಂಟು. ಆದರೆ ಇಲ್ಲಿ ಕಾಣುವ ಗುಳ್ಳೆಗಳು ರೋಗದಿಂದ ಹುಟ್ಟಿದ ಗಡ್ಡೆಗಳಲ್ಲ. ಅವು ಅಂಡಾಣುವನ್ನು ಹೊತ್ತ, ಪೂರ್ಣ ಬೆಳೆಯದೆ ಅರ್ಧದಲ್ಲಿ ನಿಂತ ಸಣ್ಣ ಚೀಲಗಳು, ಅಂದರೆ ಫಾಲಿಕಲ್‌ಗಳು. ಸಾಮಾನ್ಯವಾಗಿ ಇವುಗಳ ವ್ಯಾಸ 2ರಿಂದ 9 ಮಿ.ಮೀ.ಗಳಷ್ಟಿರುತ್ತದೆ. ಇವನ್ನು ಶಸ್ತ್ರಕ್ರಿಯೆಯಿಂದ ತೆಗೆಯಬೇಕಾಗಿಲ್ಲ; ಇವು ಕ್ಯಾನ್ಸರ್ ಆಗಿ ಬದಲಾಗುವುದೂ ಇಲ್ಲ. ಡರ್ಮಾಯ್ಡ್ ಸಿಸ್ಟ್, ಎಂಡೊಮೆಟ್ರಿಯೋಸಿಸ್‌ನ ‘ಚಾಕೊಲೇಟ್ ಸಿಸ್ಟ್’ ಮೊದಲಾದ ನಿಜವಾದ ಅಂಡಾಶಯದ ಸಿಸ್ಟ್‌ಗಳು ಬೇರೆಯೇ ವರ್ಗಕ್ಕೆ ಸೇರುತ್ತವೆ.

ಭಾರತದಲ್ಲಿ ‘ಪಿಸಿಒಡಿ’ ಎಂಬ ಹೆಸರು ಹೆಚ್ಚು ಬಳಕೆಯಲ್ಲಿದೆ. ಇದರ ಕೊನೆಯ ಅಕ್ಷರ ‘ಡಿಸೀಸ್’, ಅಂದರೆ ರೋಗ ಎಂಬುದನ್ನು ಸೂಚಿಸುತ್ತದೆ. ಕೆಲವರು ಈ ಪದವನ್ನು ಸಿಂಡ್ರೋಮ್‌ಗೆ, ಕೆಲವರು ಕೇವಲ ಸ್ಕ್ಯಾನಿಂಗ್‌ನ ಚಿತ್ರಣಕ್ಕೆ ಬಳಸುವುದರಿಂದ ಗೊಂದಲ ಹೆಚ್ಚಿದೆ. ‘ಪಿಸಿಒಡಿ ಸೌಮ್ಯ ಸ್ವರೂಪದ್ದು, ಪಿಸಿಒಎಸ್ ತೀವ್ರ ಸ್ವರೂಪದ್ದು’ ಎಂಬ ಪ್ರಚಲಿತ ವಿವರಣೆಗೆ ಅಂತರರಾಷ್ಟ್ರೀಯ ಮಾರ್ಗಸೂಚಿಗಳಲ್ಲಿ ಆಧಾರವಿಲ್ಲ. ಅವುಗಳಲ್ಲಿ ಇರುವುದು ಎರಡೇ ಪರಿಕಲ್ಪನೆಗಳು: ಅಂಡಾಶಯದ ರಚನೆಯ ಚಿತ್ರಣ ಮತ್ತು ಸಿಂಡ್ರೋಮ್.

ಅಂಡಾಶಯದಲ್ಲಿ ನಡೆಯುವ ಬದಲಾವಣೆ

ಪ್ರತಿ ಋತುಚಕ್ರದ ಆರಂಭದಲ್ಲಿ ಅಂಡಾಶಯದ ಹಲವು ಫಾಲಿಕಲ್‌ಗಳು ಬೆಳೆಯಲು ತೊಡಗುತ್ತವೆ. ಅವುಗಳಲ್ಲಿ ಒಂದು ಮಾತ್ರ ಮುಂದಕ್ಕೆ ಬೆಳೆದು ಸುಮಾರು 20 ಮಿ.ಮೀ. ತಲುಪಿ, ಒಡೆದು ಅಂಡಾಣುವನ್ನು ಬಿಡುಗಡೆ ಮಾಡುತ್ತದೆ. ಉಳಿದವು ಕುಗ್ಗಿಹೋಗುತ್ತವೆ. ಪಾಲಿಸಿಸ್ಟಿಕ್ ಅಂಡಾಶಯದಲ್ಲಿ ಹೀಗೆ ಬೆಳವಣಿಗೆಗೆ ತೊಡಗುವ ಸಣ್ಣ ಫಾಲಿಕಲ್‌ಗಳ ಸಂಖ್ಯೆಯೇ ಅಧಿಕ. ಆದರೂ ಅವುಗಳಲ್ಲೊಂದು ತಿಂಗಳಿಗೊಮ್ಮೆ ಸರಿಯಾಗಿ ಪಕ್ವವಾಗುತ್ತಿದ್ದರೆ ಮುಟ್ಟು ಕ್ರಮವಾಗಿ ಬರುತ್ತದೆ ಮತ್ತು ಸಾಮಾನ್ಯವಾಗಿ ಗರ್ಭಧಾರಣೆಗೂ ತೊಂದರೆಯಾಗುವುದಿಲ್ಲ.

ಸಿಂಡ್ರೋಮ್‌ನಲ್ಲಿ ಇದರ ಜೊತೆಗೆ ಹಾರ್ಮೋನುಗಳ ಏರುಪೇರು ಸೇರುತ್ತದೆ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಎಲ್‌ಎಚ್ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸುತ್ತದೆ. ದೇಹದ ಜೀವಕೋಶಗಳು ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದ ಕಾರಣ ರಕ್ತದಲ್ಲಿ ಇನ್ಸುಲಿನ್ ಪ್ರಮಾಣ ಏರುತ್ತದೆ. ಇವೆರಡೂ ಸೇರಿ ಅಂಡಾಶಯವನ್ನು ಹೆಚ್ಚು ಆಂಡ್ರೊಜನ್ ತಯಾರಿಸುವಂತೆ ಪ್ರಚೋದಿಸುತ್ತವೆ. ಏರಿದ ಇನ್ಸುಲಿನ್ ಯಕೃತ್ತಿನಲ್ಲಿ ಎಸ್‌ಎಚ್‌ಬಿಜಿ ಎಂಬ ಪ್ರೋಟೀನಿನ ಉತ್ಪಾದನೆಯನ್ನೂ ತಗ್ಗಿಸುತ್ತದೆ. ಟೆಸ್ಟೋಸ್ಟಿರಾನನ್ನು ಕಟ್ಟಿಹಿಡಿಯುವ ಈ ಪ್ರೋಟೀನು ಕಡಿಮೆಯಾದಾಗ ಮುಕ್ತ ಟೆಸ್ಟೋಸ್ಟಿರಾನ್ ಹೆಚ್ಚುತ್ತದೆ. ಪರಿಣಾಮವಾಗಿ ಫಾಲಿಕಲ್‌ಗಳ ಬೆಳವಣಿಗೆ ನಡುವೆಯೇ ನಿಂತು ಅಂಡಾಣು ಬಿಡುಗಡೆಯಾಗುವುದಿಲ್ಲ, ಮುಟ್ಟು ತಡವಾಗುತ್ತದೆ, ಮುಖದ ಮೇಲೆ ಒರಟು ಕೂದಲು ಬೆಳೆಯುತ್ತದೆ.

ಸ್ಕ್ಯಾನಿಂಗ್‌ನ ಅಳತೆಗಳು

ಪಾಲಿಸಿಸ್ಟಿಕ್ ಅಂಡಾಶಯ ಎಂದು ಕರೆಯಲು ಬೇಕಾದ ಮಿತಿ ಕಾಲಕ್ಕೆ ತಕ್ಕಂತೆ ಬದಲಾಗಿದೆ. 2003ರ ರಾಟರ್‌ಡ್ಯಾಮ್ ಒಪ್ಪಂದದ ಪ್ರಕಾರ ಒಂದು ಅಂಡಾಶಯದಲ್ಲಿ 12 ಅಥವಾ ಹೆಚ್ಚು ಫಾಲಿಕಲ್‌ಗಳಿರಬೇಕು ಇಲ್ಲವೇ ಅಂಡಾಶಯದ ಗಾತ್ರ 10 ಮಿ.ಲೀ.ಗಿಂತ ಹೆಚ್ಚಿರಬೇಕು. ಯಂತ್ರಗಳು ಸುಧಾರಿಸಿ ಮೊದಲು ಕಾಣದಿದ್ದ ಸಣ್ಣ ಫಾಲಿಕಲ್‌ಗಳೂ ಸ್ಪಷ್ಟವಾಗಿ ಕಾಣತೊಡಗಿದಾಗ, ಹಳೆಯ ಮಿತಿಯಂತೆ ಆರೋಗ್ಯವಂತ ಯುವತಿಯರಲ್ಲಿ ಬಹಳಷ್ಟು ಮಂದಿ ಈ ಹೆಸರಿನಡಿ ಬರುವಂತಾಯಿತು. ಆದ್ದರಿಂದ 2018ರ ಅಂತರರಾಷ್ಟ್ರೀಯ ಮಾರ್ಗಸೂಚಿಯು, ಆಧುನಿಕ ಯಂತ್ರದಲ್ಲಿ ಯೋನಿಯ ಮೂಲಕ ಮಾಡುವ ಸ್ಕ್ಯಾನಿಂಗ್‌ಗೆ, ಫಾಲಿಕಲ್‌ಗಳ ಮಿತಿಯನ್ನು 20ಕ್ಕೆ ಏರಿಸಿತು. 2023ರ ಪರಿಷ್ಕೃತ ಆವೃತ್ತಿಯೂ ಇದನ್ನೇ ಮುಂದುವರಿಸಿದೆ.

ಭಾರತದಲ್ಲಿ ಅವಿವಾಹಿತೆಯರಿಗೆ ಸಾಮಾನ್ಯವಾಗಿ ಮೂತ್ರಕೋಶ ತುಂಬಿಸಿಕೊಂಡು ಹೊಟ್ಟೆಯ ಮೇಲಿನಿಂದ ಸ್ಕ್ಯಾನಿಂಗ್ ಮಾಡುತ್ತಾರೆ. ಈ ವಿಧಾನದಲ್ಲಿ ಫಾಲಿಕಲ್‌ಗಳನ್ನು ನಿಖರವಾಗಿ ಎಣಿಸುವುದು ಕಷ್ಟ. ಆಗ ಅಂಡಾಶಯದ ಗಾತ್ರ 10 ಮಿ.ಲೀ. ಅಥವಾ ಹೆಚ್ಚಿದೆಯೇ, ಇಲ್ಲವೇ ಒಂದೇ ಸೀಳುನೋಟದಲ್ಲಿ 10 ಅಥವಾ ಹೆಚ್ಚು ಫಾಲಿಕಲ್‌ಗಳಿವೆಯೇ ಎಂಬುದನ್ನು ಆಧಾರವಾಗಿಟ್ಟುಕೊಳ್ಳಬೇಕೆಂದು ಮಾರ್ಗಸೂಚಿ ಹೇಳುತ್ತದೆ.

ಗಾತ್ರವನ್ನು ಉದ್ದ, ಅಗಲ ಮತ್ತು ದಪ್ಪಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಬಂದ ಮೊತ್ತವನ್ನು ಅರ್ಧ ಮಾಡಿ ಲೆಕ್ಕ ಹಾಕುತ್ತಾರೆ. ಉದಾಹರಣೆಗೆ 3.2 × 2.4 × 2.0 ಸೆಂ.ಮೀ. ಅಳತೆಯ ಅಂಡಾಶಯದ ಗಾತ್ರ ಸುಮಾರು 7.7 ಮಿ.ಲೀ.; ಇದು ಮಿತಿಯೊಳಗಿದೆ. 4.0 × 2.8 × 2.2 ಸೆಂ.ಮೀ. ಇದ್ದರೆ ಸುಮಾರು 12.3 ಮಿ.ಲೀ.; ಇದು ಮಿತಿಯನ್ನು ಮೀರಿದೆ. ಅಳತೆ ಮಾಡುವಾಗ ಆ ಅಂಡಾಶಯದಲ್ಲಿ ಪಕ್ವವಾಗುತ್ತಿರುವ ದೊಡ್ಡ ಫಾಲಿಕಲ್ ಅಥವಾ ಸಿಸ್ಟ್ ಇದ್ದರೆ ಅದರಿಂದಲೇ ಗಾತ್ರ ಹಿಗ್ಗಿರುತ್ತದೆ. ಅಂತಹ ಸಂದರ್ಭದಲ್ಲಿ ಮುಂದಿನ ಋತುಚಕ್ರದಲ್ಲಿ ಪರೀಕ್ಷೆಯನ್ನು ಪುನಃ ಮಾಡಬೇಕಾಗುತ್ತದೆ.

ವರದಿಗಳಲ್ಲಿ ‘ಬೈಲ್ಯಾಟರಲ್ ಪಿಸಿಒ’, ‘ಪಿಸಿಒಡಿ ಚೇಂಜಸ್’, ‘ಬಲ್ಕಿ ಓವರಿ’ ಎಂಬ ಮಾತುಗಳು ಕಂಡುಬರುತ್ತವೆ. ಮೊದಲನೆಯದರ ಅರ್ಥ ಎರಡೂ ಅಂಡಾಶಯಗಳಲ್ಲಿ ಈ ಚಿತ್ರಣವಿದೆ ಎಂದಷ್ಟೇ. ಗಾತ್ರ ಮತ್ತು ಫಾಲಿಕಲ್‌ಗಳ ಸಂಖ್ಯೆಯನ್ನು ನಮೂದಿಸದೆ ಕೇವಲ ‘ಬಲ್ಕಿ’ ಎಂದು ಬರೆದ ವರದಿಯಿಂದ ಮಿತಿ ಮೀರಿದೆಯೇ ಎಂಬುದು ತಿಳಿಯುವುದಿಲ್ಲ.

ಸಿಂಡ್ರೋಮ್‌ನ ರೋಗನಿರ್ಣಯ

ವಯಸ್ಕ ಮಹಿಳೆಯರಲ್ಲಿ ಕೆಳಗಿನ ಮೂರರಲ್ಲಿ ಕನಿಷ್ಠ ಎರಡು ಇದ್ದು, ಅದೇ ಲಕ್ಷಣಗಳನ್ನು ತೋರಿಸುವ ಬೇರೆ ಕಾಯಿಲೆಗಳು ಇಲ್ಲವೆಂದು ಖಚಿತವಾದಾಗ ಪಿಸಿಒಎಸ್ ಎಂದು ನಿರ್ಣಯಿಸುತ್ತಾರೆ.

1. ಅಂಡಾಣು ಬಿಡುಗಡೆಯ ಅನಿಯಮಿತತೆ: ಮೈನೆರೆದು 3 ವರ್ಷ ಕಳೆದವರಲ್ಲಿ ಋತುಚಕ್ರ 21 ದಿನಗಳಿಗಿಂತ ಕಡಿಮೆ ಅಥವಾ 35 ದಿನಗಳಿಗಿಂತ ಹೆಚ್ಚಾಗಿರುವುದು, ಅಥವಾ ವರ್ಷಕ್ಕೆ 8ಕ್ಕಿಂತ ಕಡಿಮೆ ಬಾರಿ ಮುಟ್ಟಾಗುವುದು.
2. ಆಂಡ್ರೊಜನ್ ಆಧಿಕ್ಯ: ಮೇಲ್ದುಟಿ, ಗದ್ದ, ಎದೆ, ಹೊಟ್ಟೆಗಳ ಮೇಲೆ ಒರಟು ಕೂದಲು, ತೀವ್ರ ಮೊಡವೆ, ನೆತ್ತಿಯ ಕೂದಲು ತೆಳುವಾಗುವುದು, ಅಥವಾ ರಕ್ತಪರೀಕ್ಷೆಯಲ್ಲಿ ಟೆಸ್ಟೋಸ್ಟಿರಾನ್ ಏರಿಕೆ.
3. ಸ್ಕ್ಯಾನಿಂಗ್‌ನಲ್ಲಿ ಪಾಲಿಸಿಸ್ಟಿಕ್ ಅಂಡಾಶಯ: 2023ರ ಮಾರ್ಗಸೂಚಿಯಂತೆ ವಯಸ್ಕರಲ್ಲಿ ಇದರ ಬದಲು ಎಎಂಎಚ್ ಎಂಬ ರಕ್ತಪರೀಕ್ಷೆಯ ಫಲಿತಾಂಶವನ್ನೂ ಬಳಸಬಹುದು.

ಮೊದಲ ಎರಡು ಲಕ್ಷಣಗಳು ಸ್ಪಷ್ಟವಾಗಿದ್ದರೆ ನಿರ್ಣಯಕ್ಕೆ ಸ್ಕ್ಯಾನಿಂಗ್‌ನ ಅಗತ್ಯವೇ ಇಲ್ಲ. ಮೂರನೆಯದೊಂದೇ ಇದ್ದರೆ ಅದು ಸಿಂಡ್ರೋಮ್ ಆಗುವುದಿಲ್ಲ.

ಇದೇ ಲಕ್ಷಣಗಳನ್ನು ಉಂಟುಮಾಡಬಲ್ಲ ಇತರ ಕಾರಣಗಳನ್ನು ಮೊದಲು ಹೊರಗಿಡಬೇಕು. ಥೈರಾಯ್ಡ್ ದೋಷಕ್ಕೆ ಟಿಎಸ್‌ಎಚ್, ಪ್ರೊಲ್ಯಾಕ್ಟಿನ್ ಏರಿಕೆಗೆ ಪ್ರೊಲ್ಯಾಕ್ಟಿನ್, ಅಡ್ರಿನಲ್ ಗ್ರಂಥಿಯ ಜನ್ಮಜಾತ ದೋಷಕ್ಕೆ 17-ಹೈಡ್ರಾಕ್ಸಿ ಪ್ರೊಜೆಸ್ಟಿರಾನ್ ಮತ್ತು ಅಂಡಾಶಯದ ಅಕಾಲಿಕ ವೈಫಲ್ಯಕ್ಕೆ ಎಫ್‌ಎಸ್‌ಎಚ್ ಪರೀಕ್ಷೆಗಳನ್ನು ಮಾಡಿಸುತ್ತಾರೆ. ಮುಟ್ಟು ನಿಂತಿದ್ದರೆ ಗರ್ಭಧಾರಣೆಯಾಗಿದೆಯೇ ಎಂಬುದನ್ನೂ ನೋಡಬೇಕು. ಕೆಲವೇ ತಿಂಗಳಲ್ಲಿ ಗಡ್ಡ ಮೀಸೆ ದಟ್ಟವಾಗಿ ಬೆಳೆದು ಧ್ವನಿ ಗಡುಸಾದರೆ ಆಂಡ್ರೊಜನ್ ಸ್ರವಿಸುವ ಗಡ್ಡೆಯ ಶಂಕೆಯಿಂದ ತುರ್ತಾಗಿ ಪರೀಕ್ಷಿಸಬೇಕಾಗುತ್ತದೆ.

ಮುಖ್ಯ ವ್ಯತ್ಯಾಸಗಳು

• ಸ್ವರೂಪ: ಪಿಸಿಒ ಅಂಡಾಶಯದ ರಚನೆಗೆ ಸಂಬಂಧಿಸಿದ ಅವಲೋಕನ, ಪಿಸಿಒಎಸ್ ಇಡೀ ದೇಹದ ಹಾರ್ಮೋನು ಮತ್ತು ಚಯಾಪಚಯಕ್ಕೆ ಸಂಬಂಧಿಸಿದ ಸ್ಥಿತಿ.
• ಪತ್ತೆ: ಪಿಸಿಒ ಸ್ಕ್ಯಾನಿಂಗ್‌ನಿಂದ ತಿಳಿಯುತ್ತದೆ, ಪಿಸಿಒಎಸ್‌ಗೆ ಮುಟ್ಟಿನ ಚರಿತ್ರೆ, ದೈಹಿಕ ತಪಾಸಣೆ ಮತ್ತು ರಕ್ತಪರೀಕ್ಷೆಗಳು ಬೇಕು.
• ಮುಟ್ಟು: ಕೇವಲ ಪಿಸಿಒ ಇದ್ದವರಲ್ಲಿ ಕ್ರಮವಾಗಿರುತ್ತದೆ, ಪಿಸಿಒಎಸ್‌ನಲ್ಲಿ ಬಹುತೇಕ ಅನಿಯಮಿತ.
• ವಯಸ್ಸು: ಫಾಲಿಕಲ್‌ಗಳ ಸಂಖ್ಯೆ ವಯಸ್ಸಿನೊಂದಿಗೆ ತಗ್ಗುವುದರಿಂದ ಪಿಸಿಒ ಚಿತ್ರಣ ಕ್ರಮೇಣ ಮರೆಯಾಗಬಹುದು, ಪಿಸಿಒಎಸ್‌ನ ಮಧುಮೇಹದ ಅಪಾಯ ವಯಸ್ಸಿನೊಂದಿಗೆ ಮುಂದುವರಿಯುತ್ತದೆ.
• ಚಿಕಿತ್ಸೆ: ಕೇವಲ ಪಿಸಿಒಗೆ ಚಿಕಿತ್ಸೆ ಬೇಕಿಲ್ಲ, ಪಿಸಿಒಎಸ್‌ಗೆ ದೀರ್ಘಕಾಲದ ಗಮನ ಬೇಕು.

ಮೂರು ಸನ್ನಿವೇಶಗಳಿಂದ ಇದನ್ನು ಸ್ಪಷ್ಟಪಡಿಸಬಹುದು. 24 ವರ್ಷದ ಮಹಿಳೆಯೊಬ್ಬಳಿಗೆ ಹೊಟ್ಟೆನೋವಿಗೆಂದು ಸ್ಕ್ಯಾನಿಂಗ್ ಮಾಡಿದಾಗ ಪಿಸಿಒ ಕಂಡಿತು. ಮುಟ್ಟು 29 ದಿನಕ್ಕೊಮ್ಮೆ ಬರುತ್ತದೆ, ಮುಖದ ಮೇಲೆ ಒರಟು ಕೂದಲಿಲ್ಲ, ಟೆಸ್ಟೋಸ್ಟಿರಾನ್ ಸಹಜವಾಗಿದೆ. ಇದು ಸಿಂಡ್ರೋಮ್ ಅಲ್ಲ. 27 ವರ್ಷದ ಇನ್ನೊಬ್ಬಳಿಗೆ ವರ್ಷಕ್ಕೆ 5 ಬಾರಿ ಮಾತ್ರ ಮುಟ್ಟಾಗುತ್ತದೆ, ಗದ್ದದ ಮೇಲೆ ಒರಟು ಕೂದಲಿದೆ, ಆದರೆ ಸ್ಕ್ಯಾನಿಂಗ್ ಸಹಜ. ಬೇರೆ ಕಾರಣಗಳು ಇಲ್ಲವೆಂದಾದರೆ ಇದು ಸಿಂಡ್ರೋಮ್. ಮೂರನೆಯವಳಿಗೆ 50 ದಿನಕ್ಕೊಮ್ಮೆ ಮುಟ್ಟು, ಸ್ಕ್ಯಾನಿಂಗ್‌ನಲ್ಲಿ ಪಿಸಿಒ, ಜೊತೆಗೆ ಟಿಎಸ್‌ಎಚ್ ಬಹಳ ಹೆಚ್ಚು. ಇಲ್ಲಿ ಮೊದಲು ಥೈರಾಯ್ಡ್ ದೋಷವನ್ನು ಸರಿಪಡಿಸಿ ಆನಂತರವೇ ಮರುಪರಿಶೀಲಿಸಬೇಕು.

ಹದಿಹರೆಯದವರಲ್ಲಿ

ಈ ವ್ಯತ್ಯಾಸ ಅತಿ ಹೆಚ್ಚು ಮಹತ್ವ ಪಡೆಯುವುದು ಹದಿಹರೆಯದ ಹುಡುಗಿಯರ ವಿಷಯದಲ್ಲಿ. ಮೈನೆರೆದ ಮೊದಲ ಕೆಲವು ವರ್ಷಗಳಲ್ಲಿ ಅಂಡಾಶಯದಲ್ಲಿ ಅನೇಕ ಫಾಲಿಕಲ್‌ಗಳಿರುವುದು, ಮುಟ್ಟು ಹಿಂದೆ ಮುಂದೆ ಆಗುವುದು ಮತ್ತು ಮೊಡವೆ ಏಳುವುದು ಸಹಜ ಬೆಳವಣಿಗೆಯ ಭಾಗ. ಈ ಕಾರಣದಿಂದ ಮೈನೆರೆದು 8 ವರ್ಷ ತುಂಬುವ ಮೊದಲು ಪಿಸಿಒಎಸ್ ನಿರ್ಣಯಕ್ಕೆ ಸ್ಕ್ಯಾನಿಂಗನ್ನು ಬಳಸಬಾರದೆಂದು ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ. ಎಎಂಎಚ್ ಪರೀಕ್ಷೆಯನ್ನೂ ಈ ವಯಸ್ಸಿನಲ್ಲಿ ಆಧಾರವಾಗಿ ಬಳಸುವಂತಿಲ್ಲ. ಹದಿಹರೆಯದಲ್ಲಿ ನಿರ್ಣಯಕ್ಕೆ ಮುಟ್ಟಿನ ಅನಿಯಮಿತತೆ ಮತ್ತು ಆಂಡ್ರೊಜನ್ ಆಧಿಕ್ಯ ಎರಡೂ ಇರಲೇಬೇಕು.

ಅನಿಯಮಿತತೆಯ ಅಳತೆಯೂ ಇಲ್ಲಿ ಬೇರೆ. ಮೈನೆರೆದ ಮೊದಲ ವರ್ಷದಲ್ಲಿ ಏರುಪೇರನ್ನು ಸಹಜವೆಂದೇ ಪರಿಗಣಿಸುತ್ತಾರೆ. ಒಂದರಿಂದ 3 ವರ್ಷದೊಳಗೆ 45 ದಿನಗಳವರೆಗಿನ ಅಂತರವನ್ನು ಒಪ್ಪಬಹುದು. ಮೊದಲ ವರ್ಷ ಕಳೆದ ಮೇಲೆ ಒಮ್ಮೆಯಾದರೂ 90 ದಿನಗಳಿಗಿಂತ ಹೆಚ್ಚು ಕಾಲ ಮುಟ್ಟು ನಿಂತರೆ, ಅಥವಾ 15 ವರ್ಷವಾದರೂ ಮೈನೆರೆಯದಿದ್ದರೆ ವೈದ್ಯರನ್ನು ಕಾಣಬೇಕು. ಲಕ್ಷಣಗಳಿದ್ದೂ ನಿರ್ಣಯ ಪೂರ್ಣವಾಗದ ಹುಡುಗಿಯರನ್ನು ‘ಅಪಾಯದ ಸಾಧ್ಯತೆ ಇರುವವರು’ ಎಂದು ಗುರುತಿಸಿ, ಲಕ್ಷಣಗಳಿಗೆ ಚಿಕಿತ್ಸೆ ನೀಡಿ, ಕೆಲವು ವರ್ಷಗಳ ನಂತರ ಮರುಪರಿಶೀಲಿಸುತ್ತಾರೆ.

ಹದಿನಾರರ ಹುಡುಗಿಗೆ ಸ್ಕ್ಯಾನಿಂಗ್‌ನ ಒಂದು ಸಾಲಿನಿಂದಲೇ ‘ಪಿಸಿಒಡಿ’ ಎಂಬ ಹಣೆಪಟ್ಟಿ ಅಂಟಿದರೆ ಅದು ಮದುವೆಯ ಮಾತುಕತೆಯವರೆಗೂ ಬೆನ್ನುಹತ್ತುತ್ತದೆ. ‘ಮಕ್ಕಳಾಗುವುದಿಲ್ಲ’ ಎಂಬ ಆತಂಕ ಮನೆಯಲ್ಲಿ ಬೆಳೆಯುತ್ತದೆ. ಸಿಂಡ್ರೋಮ್ ನಿಜವಾಗಿ ಇದ್ದವರಲ್ಲೂ ಹೆಚ್ಚಿನವರು ತಾವಾಗಿಯೇ ಅಥವಾ ಸರಳ ಚಿಕಿತ್ಸೆಯಿಂದ ಗರ್ಭ ಧರಿಸುತ್ತಾರೆ.

ಅಪೌಷ್ಟಿಕತೆ ಮತ್ತು ತಪ್ಪು ನಿರ್ಣಯ

ಸಾಕಷ್ಟು ಆಹಾರ ಸೇವಿಸದವರಲ್ಲಿ, ತೂಕ ತೀರ ಇಳಿದವರಲ್ಲಿ, ಅತಿಯಾದ ದೈಹಿಕ ಶ್ರಮ ಅಥವಾ ಮಾನಸಿಕ ಒತ್ತಡಕ್ಕೆ ಒಳಗಾದವರಲ್ಲಿ ಮಿದುಳಿನ ಹೈಪೊಥಲಾಮಸ್‌ನಿಂದ ಬರುವ ಸಂಕೇತಗಳು ಕ್ಷೀಣಿಸಿ ಮುಟ್ಟು ನಿಲ್ಲುತ್ತದೆ. ಇವರಲ್ಲಿ ಕೆಲವರಿಗೆ ಪಾಲಿಸಿಸ್ಟಿಕ್ ಅಂಡಾಶಯವೂ ಇರಬಹುದು. ಮುಟ್ಟಿನ ಏರುಪೇರು ಮತ್ತು ಸ್ಕ್ಯಾನಿಂಗ್ ಎರಡನ್ನೇ ನೋಡಿದರೆ ಇದು ಪಿಸಿಒಎಸ್‌ನಂತೆಯೇ ತೋರುತ್ತದೆ. ಆದರೆ ಪರಿಹಾರ ತದ್ವಿರುದ್ಧ: ಇಲ್ಲಿ ಬೇಕಾದದ್ದು ಹೆಚ್ಚು ಆಹಾರ ಮತ್ತು ವಿಶ್ರಾಂತಿ. ಇಂತಹವರಿಗೆ ‘ತೂಕ ಇಳಿಸಿ’ ಎಂಬ ಸಲಹೆ ನೀಡಿದರೆ ಸ್ಥಿತಿ ಹದಗೆಡುತ್ತದೆ, ಮೂಳೆಗಳೂ ದುರ್ಬಲಗೊಳ್ಳುತ್ತವೆ. ಎಲ್‌ಎಚ್, ಎಫ್‌ಎಸ್‌ಎಚ್ ಮತ್ತು ಈಸ್ಟ್ರೊಜನ್ ಪ್ರಮಾಣ ಇವರಲ್ಲಿ ಸಾಮಾನ್ಯವಾಗಿ ಕಡಿಮೆಯಿರುತ್ತದೆ ಅಥವಾ ಸಹಜ ಮಿತಿಯ ಕೆಳಹಂತದಲ್ಲಿರುತ್ತದೆ.

ಆರೋಗ್ಯದ ಮೇಲಿನ ಪರಿಣಾಮಗಳು

ಸಿಂಡ್ರೋಮ್‌ನಲ್ಲಿ ಎರಡನೇ ವಿಧದ ಮಧುಮೇಹ, ಗರ್ಭಿಣಿಯರ ಮಧುಮೇಹ, ರಕ್ತದ ಕೊಬ್ಬಿನ ಏರುಪೇರು, ನಿದ್ರೆಯಲ್ಲಿ ಉಸಿರಾಟ ತಡೆಯುವಿಕೆ, ಖಿನ್ನತೆ ಮತ್ತು ಆತಂಕಗಳ ಸಂಭವ ಹೆಚ್ಚು. ಕತ್ತಿನ ಹಿಂಭಾಗ ಮತ್ತು ಕಂಕುಳಲ್ಲಿ ಚರ್ಮ ಕಪ್ಪಾಗಿ ದಪ್ಪಗಾಗುವುದು ಇನ್ಸುಲಿನ್ ಪ್ರತಿರೋಧದ ಹೊರಗುರುತು. ದಕ್ಷಿಣ ಏಷ್ಯಾದ ಮಹಿಳೆಯರಲ್ಲಿ ಕಡಿಮೆ ತೂಕದಲ್ಲೇ ಮಧುಮೇಹದ ಅಪಾಯ ಕಾಣಿಸಿಕೊಳ್ಳುವುದರಿಂದ ತೆಳ್ಳಗಿರುವವರೂ ಸಕ್ಕರೆಯ ಪರೀಕ್ಷೆಯನ್ನು ಕಡೆಗಣಿಸಬಾರದು. 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆಯನ್ನು ಇದಕ್ಕೆ ಅತ್ಯಂತ ನಿಖರವೆಂದು ಪರಿಗಣಿಸಲಾಗಿದೆ.

ಅಂಡಾಣು ಬಿಡುಗಡೆಯಾಗದಿದ್ದಾಗ ಪ್ರೊಜೆಸ್ಟಿರಾನ್ ಹಾರ್ಮೋನು ದೊರೆಯದೆ ಗರ್ಭಕೋಶದ ಒಳಪದರ ದಪ್ಪವಾಗುತ್ತ ಹೋಗುತ್ತದೆ. ಮುಟ್ಟು ತಿಂಗಳುಗಟ್ಟಲೆ ಬಾರದಿದ್ದರೆ ಈ ಒಳಪದರದ ಕ್ಯಾನ್ಸರಿನ ಸಂಭವ ಹೆಚ್ಚುತ್ತದೆ. ಆದ್ದರಿಂದ 90 ದಿನಗಳಿಗಿಂತ ದೀರ್ಘವಾದ ಅಂತರವನ್ನು ಚಿಕಿತ್ಸೆಯಿಲ್ಲದೆ ಬಿಡಬಾರದು. ಕ್ರಮವಾಗಿ ಮುಟ್ಟಾಗುತ್ತಿರುವ, ಕೇವಲ ಪಿಸಿಒ ಚಿತ್ರಣವಿರುವ ಮಹಿಳೆಗೆ ಈ ಅಪಾಯ ಅನ್ವಯಿಸುವುದಿಲ್ಲ.

ಕೇವಲ ಪಿಸಿಒ ಇದ್ದವರಿಗೆ ಮಹತ್ವದ ಒಂದು ಸಂದರ್ಭವಿದೆ. ಐವಿಎಫ್‌ಗಾಗಿ ನೀಡುವ ಚುಚ್ಚುಮದ್ದಿಗೆ ಇಂತಹ ಅಂಡಾಶಯ ಅತಿಯಾಗಿ ಸ್ಪಂದಿಸಿ ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುವ ತೊಡಕು ಉಂಟಾಗಬಹುದು. ಆದಕಾರಣ ಚಿಕಿತ್ಸೆಗೆ ಮುಂಚೆ ಇದನ್ನು ವೈದ್ಯರಿಗೆ ತಿಳಿಸಬೇಕು.

ಚಿಕಿತ್ಸೆ

ಸಿಂಡ್ರೋಮ್‌ನ ಚಿಕಿತ್ಸೆ ರೋಗಿಯ ಅಗತ್ಯವನ್ನು ಅವಲಂಬಿಸಿದೆ. ಆಹಾರ ಮತ್ತು ವ್ಯಾಯಾಮ ಎಲ್ಲರಿಗೂ ಅನ್ವಯಿಸುತ್ತವೆ. ಯಾವುದೇ ಒಂದು ಆಹಾರಕ್ರಮ ಇನ್ನೊಂದಕ್ಕಿಂತ ಮೇಲೆಂದು ಸಾಬೀತಾಗಿಲ್ಲ. ಹೀಗಾಗಿ ದುಬಾರಿ ‘ಪಿಸಿಒಡಿ ಡಯಟ್’ ಅಗತ್ಯವಿಲ್ಲ. ಕಲಬುರಗಿ ಸೀಮೆಯ ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯಗಳ ಊಟವನ್ನು ಹಿತಮಿತವಾಗಿ ಸೇವಿಸಿ, ಸಕ್ಕರೆ ಮತ್ತು ಕರಿದ ತಿನಿಸು ತಗ್ಗಿಸಿದರೆ ಸಾಕಾಗುತ್ತದೆ. ಮುಟ್ಟನ್ನು ಕ್ರಮಗೊಳಿಸಲು ಮತ್ತು ಕೂದಲಿನ ಬೆಳವಣಿಗೆ ತಗ್ಗಿಸಲು ಸಂಯುಕ್ತ ಗರ್ಭನಿರೋಧಕ ಗುಳಿಗೆಗಳನ್ನು, ಚಯಾಪಚಯದ ಸಮಸ್ಯೆಗೆ ಮೆಟ್‌ಫಾರ್ಮಿನ್ ಅನ್ನು ನೀಡುತ್ತಾರೆ. ಗರ್ಭಧಾರಣೆ ಬಯಸುವವರಿಗೆ ಲೆಟ್ರೊಜೋಲ್ ಮೊದಲ ಆಯ್ಕೆಯ ಔಷಧ. ಅಂಡಾಣು ಬಿಡುಗಡೆ ಅನಿಯಮಿತವಾಗಿದ್ದರೂ ಸಂಪೂರ್ಣ ನಿಂತಿರುವುದಿಲ್ಲವಾದ್ದರಿಂದ ಗರ್ಭ ಬೇಡವೆನ್ನುವವರು ಗರ್ಭನಿರೋಧಕವನ್ನು ಬಳಸಲೇಬೇಕು.

ಇತಿಹಾಸ

ಅಮೆರಿಕದ ಷಿಕಾಗೊ ನಗರದ ವೈದ್ಯರಾದ ಇರ್ವಿಂಗ್ ಸ್ಟೈನ್ ಮತ್ತು ಮೈಕೇಲ್ ಲೆವೆಂತಾಲ್ 1935ರಲ್ಲಿ 7 ಮಹಿಳೆಯರ ವಿವರಗಳನ್ನು ಪ್ರಕಟಿಸಿದರು. ಮುಟ್ಟು ನಿಂತಿದ್ದ ಈ ಮಹಿಳೆಯರ ಅಂಡಾಶಯಗಳು ದೊಡ್ಡದಾಗಿದ್ದವು; ಅಂಡಾಶಯದ ಒಂದು ಭಾಗವನ್ನು ಕತ್ತರಿಸಿ ತೆಗೆದ ಮೇಲೆ ಮುಟ್ಟು ಮರಳಿತು. ಬಹುಕಾಲ ಈ ಸ್ಥಿತಿಗೆ ‘ಸ್ಟೈನ್-ಲೆವೆಂತಾಲ್ ಸಿಂಡ್ರೋಮ್’ ಎಂಬ ಹೆಸರಿತ್ತು. ಅಂದು ಅಂಡಾಶಯವನ್ನು ನೋಡಲು ಶಸ್ತ್ರಕ್ರಿಯೆಯೇ ಬೇಕಿದ್ದುದರಿಂದ ಲಕ್ಷಣಗಳಿದ್ದವರ ಅಂಡಾಶಯವಷ್ಟೇ ವೈದ್ಯರ ಕಣ್ಣಿಗೆ ಬೀಳುತ್ತಿತ್ತು. 1980ರ ದಶಕದಲ್ಲಿ ಅಲ್ಟ್ರಾಸೌಂಡ್ ಬಳಕೆ ಹರಡಿದಾಗ ಆರೋಗ್ಯವಂತರ ಅಂಡಾಶಯವನ್ನೂ ನೋಡುವುದು ಸಾಧ್ಯವಾಯಿತು. 1988ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಬ್ರಿಟಿಷ್ ಅಧ್ಯಯನವೊಂದು, ತಮ್ಮನ್ನು ಆರೋಗ್ಯವಂತರೆಂದು ಭಾವಿಸಿದ್ದ ಮಹಿಳೆಯರಲ್ಲಿ ಐದರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಈ ಚಿತ್ರಣವಿದೆ ಎಂದು ತೋರಿಸಿತು. ಚಿತ್ರಣ ಮತ್ತು ಸಿಂಡ್ರೋಮ್‌ಗಳನ್ನು ಬೇರ್ಪಡಿಸುವ ಅಗತ್ಯ ಹೀಗೆ ಮನವರಿಕೆಯಾಯಿತು.

1990ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಮ್ಮೇಳನದಿಂದ ಬಂದ ಮಾನದಂಡದಲ್ಲಿ ಸ್ಕ್ಯಾನಿಂಗ್‌ಗೆ ಸ್ಥಾನವಿರಲಿಲ್ಲ. 2003ರ ರಾಟರ್‌ಡ್ಯಾಮ್ ಸಭೆ ಅದನ್ನು ಮೂರನೆಯ ಅಂಗವಾಗಿ ಸೇರಿಸಿತು. 2012ರಲ್ಲಿ ಅದೇ ಅಮೆರಿಕದ ಸಂಸ್ಥೆ ನೇಮಿಸಿದ ತಜ್ಞರ ಸಮಿತಿಯು ರಾಟರ್‌ಡ್ಯಾಮ್ ಮಾನದಂಡವನ್ನು ಒಪ್ಪಿತಾದರೂ, ಅಂಡಾಶಯದ ಚಿತ್ರಣವನ್ನೇ ಮುಂದೆ ಮಾಡುವ ಹೆಸರು ದಾರಿ ತಪ್ಪಿಸುತ್ತದೆಂದು ಹೇಳಿ ಹೊಸ ಹೆಸರಿನ ಅಗತ್ಯವನ್ನು ಸೂಚಿಸಿತು.

ಭಾರತ ಮತ್ತು ಕಲಬುರಗಿ ಪ್ರದೇಶದಲ್ಲಿ

ವಿಶ್ವ ಆರೋಗ್ಯ ಸಂಸ್ಥೆಯ 2023ರ ಅಂದಾಜಿನಂತೆ ಸಂತಾನೋತ್ಪತ್ತಿ ವಯಸ್ಸಿನ ಮಹಿಳೆಯರಲ್ಲಿ ಶೇ. 8ರಿಂದ 13ರಷ್ಟು ಮಂದಿಗೆ ಪಿಸಿಒಎಸ್ ಇತ್ತು. ಭಾರತದಲ್ಲಿ 18ರಿಂದ 40 ವರ್ಷದ ಮಹಿಳೆಯರನ್ನು ಕುರಿತ, 2024ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದಲ್ಲಿ 1990ರ ಮಾನದಂಡದಂತೆ ಸುಮಾರು ಶೇ. 7, ರಾಟರ್‌ಡ್ಯಾಮ್ ಮಾನದಂಡದಂತೆ ಸುಮಾರು ಶೇ. 20 ಎಂಬ ಅಂಕಿ ಬಂದಿತು. ಅದೇ ಮಹಿಳೆಯರ ಸಮೂಹದಲ್ಲಿ ಅಂಡಾಶಯದ ಚಿತ್ರಣವನ್ನು ಲೆಕ್ಕಕ್ಕೆ ಹಿಡಿಯುವುದರಿಂದ ಅಂಕಿ ಎಷ್ಟು ಬದಲಾಗುತ್ತದೆಂಬುದಕ್ಕೆ ಇದು ನಿದರ್ಶನ.

ಕಲಬುರಗಿ ಜಿಲ್ಲೆಯ ಚಿತ್ತಾಪುರ, ಸೇಡಂ, ಚಿಂಚೋಳಿ, ಶಹಾಬಾದ್ ಮತ್ತು ವಾಡಿ ಪ್ರದೇಶದವರು ಮೊದಲ ತಪಾಸಣೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಯಲ್ಲಿ ಮಾಡಿಸಬಹುದು. ಮುಟ್ಟಿನ ದಿನಾಂಕಗಳ ಪರಿಶೀಲನೆ, ತೂಕ, ರಕ್ತದೊತ್ತಡ ಮತ್ತು ಸಕ್ಕರೆಯ ಪರೀಕ್ಷೆಗಳಿಗೆ ದೊಡ್ಡ ಸಲಕರಣೆ ಬೇಕಿಲ್ಲ. ತಜ್ಞರ ಸಲಹೆಗೆ ಕಲಬುರಗಿ ನಗರದಲ್ಲಿ ಗುಲ್ಬರ್ಗಾ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ (ಜಿಮ್ಸ್), ಇಎಸ್‌ಐಸಿ ವೈದ್ಯಕೀಯ ಕಾಲೇಜು ಮತ್ತು ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜಿನ ಬಸವೇಶ್ವರ ಆಸ್ಪತ್ರೆಗಳಿವೆ. 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ ನಡೆಯುವ ಹದಿಹರೆಯದವರ ಕ್ಲಿನಿಕ್‌ಗಳಲ್ಲಿ ಮುಟ್ಟಿನ ಸಮಸ್ಯೆಗಳ ಬಗ್ಗೆ ಆಪ್ತಸಲಹೆ ನೀಡುವ ವ್ಯವಸ್ಥೆಯಿದೆ.

ಅಲ್ಟ್ರಾಸೌಂಡ್ ಕೇಂದ್ರಗಳು 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಡಿ ನೋಂದಣಿ ಪಡೆದಿರಬೇಕು. ಈ ಕಾಯ್ದೆ ನಿಷೇಧಿಸುವುದು ಭ್ರೂಣಲಿಂಗ ಪತ್ತೆಯನ್ನು. ಅಂಡಾಶಯದ ಪರೀಕ್ಷೆಗೆ ಅದರಿಂದ ಅಡ್ಡಿಯಿಲ್ಲ.

ವೈದ್ಯರನ್ನು ಕಾಣುವಾಗ ಕಳೆದ 6ರಿಂದ 12 ತಿಂಗಳ ಮುಟ್ಟಿನ ದಿನಾಂಕಗಳನ್ನು, ಹಿಂದಿನ ಸ್ಕ್ಯಾನಿಂಗ್ ಮತ್ತು ರಕ್ತಪರೀಕ್ಷೆಗಳ ವರದಿಗಳನ್ನು, ಸೇವಿಸುತ್ತಿರುವ ಗುಳಿಗೆಗಳ ಹೆಸರನ್ನು ಒಯ್ಯುವುದು ಉಪಯುಕ್ತ. ಗರ್ಭನಿರೋಧಕ ಗುಳಿಗೆ ಸೇವಿಸುತ್ತಿದ್ದರೆ ಮುಟ್ಟು, ಹಾರ್ಮೋನು ಮತ್ತು ಅಂಡಾಶಯದ ಗಾತ್ರ ಮೂರೂ ಬದಲಾಗಿರುವುದರಿಂದ ಆ ಮಾಹಿತಿ ನಿರ್ಣಯಕ್ಕೆ ಅತ್ಯಗತ್ಯ.

ಇವನ್ನೂ ನೋಡಿ

• ಅಂಡಾಶಯ
• ಋತುಚಕ್ರ
• ಇನ್ಸುಲಿನ್
• ಥೈರಾಯ್ಡ್ ಗ್ರಂಥಿ
• ಮಧುಮೇಹ